ಆಸ್ಪತ್ರೆಯ ಜೊತೆ ಡಾಕ್ಟರಲ್ ನರ್ಸಿಂಗ್ ಪ್ರಾಜೆಕ್ಟ್: ಯೋಜನೆ ಹಾಕುವುದು ಹೇಗೆ?

"ಮೇಡಂ, ಟಾಪಿಕ್ ರೆಡಿ ಇದೆ. ಒಂದು ಆಸ್ಪತ್ರೆ ಬೇಕಿತ್ತು."

ಕೋಲಾರದಲ್ಲಿ ಪಾಠ ಮಾಡುವ ನನ್ನ ಹತ್ತಿರ ವರ್ಷಕ್ಕೆ ಎರಡು ಮೂರು ಜನ ಈ ಮಾತು ಹೇಳಿಕೊಂಡು ಬರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಆಸ್ಪತ್ರೆಗೆ ಆ ಟಾಪಿಕ್ ಬೇಕಿತ್ತಾ? ಹೆಚ್ಚಿನವರು ಆ ಪ್ರಶ್ನೆ ಯೋಚಿಸಿಯೇ ಇರುವುದಿಲ್ಲ. ಇನ್ನೊಂದು ಪ್ರಶ್ನೆಯೂ ಇದೆ. ನೀವು ಪದವಿ ತಗೊಂಡು ಹೋದ ಮೇಲೆ ಆ ಕೆಲಸವನ್ನು ವಾರ್ಡಿನಲ್ಲಿ ಯಾರು ಮಾಡುತ್ತಾರೆ? ಇದಕ್ಕೆ ಮೊದಲ ದಿನವೇ ಒಂದು ಹೆಸರು ಹೇಳಲು ಬಂದರೆ ಅರ್ಧ ಯೋಜನೆ ಮುಗಿದ ಹಾಗೆ. ಈ ಲೇಖನ ಪೂರ್ತಿ ಆ ಹೆಸರನ್ನು ಹುಡುಕುವ ದಾರಿ ಅಂದುಕೊಳ್ಳಿ.

ಯಾರಿಗಾಗಿ ಇದು ಅಂತ ಮೊದಲು ಹೇಳಿಬಿಡುತ್ತೇನೆ. ಡಿಎನ್‌ಪಿ, ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಅಮೆರಿಕದ ಪದವಿ. ಅಲ್ಲಿ ಮೊದಲು ಶುರುವಾಗಿದ್ದು ಕೆಂಟಕಿ ವಿಶ್ವವಿದ್ಯಾಲಯದಲ್ಲಿ, 2001ರಲ್ಲಿ. 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘವಾದ ಎಎಸಿಎನ್ ಇದರ ಬೆನ್ನಿಗೆ ನಿಂತಿತು. ಪಿಎಚ್‌ಡಿಯಲ್ಲಿ ಇದುವರೆಗೆ ಯಾರಿಗೂ ಗೊತ್ತಿಲ್ಲದ್ದನ್ನು ಹುಡುಕುತ್ತೀರಿ. ಡಿಎನ್‌ಪಿಯಲ್ಲಿ ಈಗಾಗಲೇ ಗೊತ್ತಿರುವ, ಆದರೆ ವಾರ್ಡಿನಲ್ಲಿ ನಡೆಯದ ಒಂದು ಕೆಲಸವನ್ನು ನಡೆಯುವ ಹಾಗೆ ಮಾಡುತ್ತೀರಿ. ಕರ್ನಾಟಕದಲ್ಲಿ ಓದುವವರಿಗೆ ಸಾಮಾನ್ಯವಾಗಿ ಸಿಗುವುದು ಪಿಎಚ್‌ಡಿಯ ದಾರಿ. ಆದರೆ ಈಗ ನಮ್ಮ ಕಡೆಯ ಎಷ್ಟೋ ಸಿಸ್ಟರ್‌ಗಳು ಹೊರದೇಶದಲ್ಲಿ ಇದ್ದುಕೊಂಡು ಡಿಎನ್‌ಪಿ ಓದುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ಊರಿನ ಆಸ್ಪತ್ರೆಯಲ್ಲೇ ಪ್ರಾಜೆಕ್ಟ್ ಮಾಡುವ ಆಸೆ. ಇಲ್ಲೇ ಎಂ.ಎಸ್ಸಿ. ಅಥವಾ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಮಾಡುವವರಿಗೂ ಇದೇ ದಾರಿ ಸಾಕಷ್ಟು ಹೊಂದುತ್ತದೆ.

ಮೊದಲ ಹೆಜ್ಜೆ: ಮೂರು ದಿನ, ಮೂರು ಶಿಫ್ಟ್

ಟಾಪಿಕ್ ಇಟ್ಟುಕೊಂಡು ಹೋಗಬೇಡಿ. ಬರಿಗೈಯಲ್ಲಿ ಹೋಗಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಬಾಯಿಮಾತಿನ ಒಪ್ಪಿಗೆ ತಗೊಂಡು ಒಂದು ವಾರ್ಡಿನಲ್ಲಿ ಮೂರು ದಿನ ಕೂತುಕೊಳ್ಳಿ. ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ, ಒಂದು ದಿನ ರಾತ್ರಿ. ರಾತ್ರಿ ಶಿಫ್ಟ್ ಬಿಡಲೇಬೇಡಿ. ಬೆಳಿಗ್ಗೆ ರೌಂಡ್ಸ್ ಹೊತ್ತಿನಲ್ಲಿ ಎಲ್ಲ ವಾರ್ಡೂ ಚೆನ್ನಾಗೇ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬ ಸಿಸ್ಟರ್ ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದೆ ಹಾಕಿದ ಯೋಜನೆ ಕಾಗದದ ಮೇಲೇ ಉಳಿಯುತ್ತದೆ.

ಅಲ್ಲಿ ಕೇಳಬೇಕಾದ ಪ್ರಶ್ನೆ "ಇಲ್ಲಿ ಏನು ಸಮಸ್ಯೆ?" ಅಂತ ಅಲ್ಲ. ಹಾಗೆ ಕೇಳಿದರೆ "ಸ್ಟಾಫ್ ಕಮ್ಮಿ" ಅನ್ನುವ ಉತ್ತರ ಬರುತ್ತದೆ. ನಿಜವಾದ ಉತ್ತರವೇ, ಆದರೆ ಅದನ್ನು ನೀವು ಸರಿ ಮಾಡಲಾರಿರಿ. ಬದಲಿಗೆ ಹೀಗೆ ಕೇಳಿ: "ಮಾಡಬೇಕು ಅಂತ ಗೊತ್ತಿದ್ದೂ ಮಾಡೋಕೆ ಆಗದೆ ಇರೋದು ಯಾವುದು?" ಆಗ ಮಾತು ಶುರುವಾಗುತ್ತದೆ. ಮಲಗಿದಲ್ಲೇ ಇರುವ ರೋಗಿಯನ್ನು ಮಗ್ಗುಲು ಬದಲಿಸುವುದು, ಶಿಫ್ಟ್ ಬದಲಾಗುವಾಗ ಹ್ಯಾಂಡ್‌ಓವರ್ ಕೊಡುವುದು, ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸುವುದು, ಡ್ರಿಪ್ ಹಾಕಿದ ಕೈ ಊದಿಕೊಳ್ಳುವುದು. ಯಾವುದು ಎರಡು ಸಲಕ್ಕಿಂತ ಜಾಸ್ತಿ ಬೇರೆಬೇರೆಯವರ ಬಾಯಲ್ಲಿ ಬರುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ.

ಇಲ್ಲಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಕೈಯ ವೆನ್‌ಫ್ಲಾನ್ (ಡ್ರಿಪ್‌ಗಾಗಿ ರಕ್ತನಾಳದೊಳಗೆ ಇಡುವ ಸಣ್ಣ ನಳಿಕೆ, ಅಂದರೆ ಕ್ಯಾನುಲಾ) ಹಾಕಿದ ಜಾಗ ಕೆಂಪಾಗಿ, ನೋವಾಗಿ, ಊದುವುದು. ಪುಸ್ತಕದ ಹೆಸರು ಫ್ಲೆಬೈಟಿಸ್. ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ಅದನ್ನು ತಡೆಯುವುದು ಬಹುಪಾಲು ನರ್ಸಿನ ಕೈಯಲ್ಲೇ ಇದೆ, ಯಾವ ದೊಡ್ಡ ಮಿಷನ್ನೂ ಬೇಡ, ಎಣಿಸುವುದು ಸುಲಭ. ಮೊದಲ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಎರಡನೇ ಹೆಜ್ಜೆ: ಯಾವ ಆಸ್ಪತ್ರೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಆಯ್ಕೆಗೆ ಕೊರತೆ ಇಲ್ಲ. ಕೋಲಾರವನ್ನೇ ತಗೊಳ್ಳಿ. ಜಿಲ್ಲಾ ಆಸ್ಪತ್ರೆ ಎಸ್‌ಎನ್‌ಆರ್ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಜೊತೆಗಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ, ಹಳೆಯ ಮಿಷನ್ ಆಸ್ಪತ್ರೆ ಇಟಿಸಿಎಂ ಇದೆ, ತಾಲೂಕು ಆಸ್ಪತ್ರೆಗಳಿವೆ, ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಒಂದೊಂದರ ಬಾಗಿಲು ಒಂದೊಂದು ಥರ.

ಜಿಲ್ಲಾ ಆಸ್ಪತ್ರೆಗೆ ಅರ್ಜಿ ಹೋಗಬೇಕಾದದ್ದು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ. ಪಿಎಚ್‌ಸಿ ಅಥವಾ ತಾಲೂಕು ಆಸ್ಪತ್ರೆ ಆದರೆ ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಕಚೇರಿಗೆ, ತಾಲೂಕು ಆರೋಗ್ಯ ಅಧಿಕಾರಿಯವರಿಗೆ ಒಂದು ಪ್ರತಿ. ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್. ಅಲ್ಲಿ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಅದೇ ಕ್ಯಾಂಪಸ್ಸಿನಲ್ಲಿ ಇರುವುದು ದೊಡ್ಡ ಅನುಕೂಲ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಮಾಲೀಕ ಡಾಕ್ಟರು ಐದು ನಿಮಿಷದಲ್ಲಿ "ಮಾಡಮ್ಮ" ಅನ್ನುತ್ತಾರೆ. ಆದರೆ ಅಲ್ಲಿನ ಸಿಸ್ಟರ್‌ಗಳು ಆರು ತಿಂಗಳಿಗೆ ಕೆಲಸ ಬದಲಿಸಿದರೆ ನೀವು ತರಬೇತಿ ಕೊಟ್ಟವರು ಯಾರೂ ಕೊನೆಗೆ ಉಳಿದಿರುವುದಿಲ್ಲ. ನನ್ನ ಕೇಳಿದರೆ, ಸಿಬ್ಬಂದಿ ನಿಲ್ಲುವ ಕಡೆ ಹೋಗಿ. ಬಾಗಿಲು ನಿಧಾನಕ್ಕೆ ತೆರೆದರೂ ಪರವಾಗಿಲ್ಲ.

ತುಮಕೂರಿನವರಿಗೆ ಒಂದು ಮಾತು. ನಿಮ್ಮದು ಹತ್ತು ತಾಲೂಕಿನ ಜಿಲ್ಲೆ. ಪಾವಗಡ ಅಂತೂ ಹೆಚ್ಚಿನ ಕಡೆ ಆಂಧ್ರ ಇಟ್ಟುಕೊಂಡು ದ್ವೀಪದ ಹಾಗೆ ಕೂತಿದೆ. ಪಾವಗಡ, ಶಿರಾ, ಕುಣಿಗಲ್ ಮೂರೂ ಕಡೆ ಮಾಡುತ್ತೇನೆ ಅಂತ ಪ್ರಪೋಸಲ್‌ನಲ್ಲಿ ಬರೆಯುವುದು ಸುಲಭ, ವಾರಕ್ಕೊಮ್ಮೆ ಬಸ್ಸು ಹತ್ತುವವರು ನೀವು. ಒಂದು ಆಸ್ಪತ್ರೆ, ಒಂದು ವಾರ್ಡ್ ಸಾಕು.

ಮೂರನೇ ಹೆಜ್ಜೆ: ಓದುವುದು, ಆದರೆ ವಾರ್ಡ್ ನೋಡಿದ ಮೇಲೆ

ಓದುವಾಗ ಒಂದು ಎಚ್ಚರ ಬೇಕು. ವಾರ್ಡಿನ ರೂಢಿಯೇ ಪುರಾವೆ ಅಂತ ನಂಬಬೇಡಿ. ವೆನ್‌ಫ್ಲಾನ್ ವಿಷಯವೇ ಇದಕ್ಕೆ ಸಾಕ್ಷಿ. "ಮೂರು ದಿನಕ್ಕೊಮ್ಮೆ ಬದಲಿಸಬೇಕು" ಅಂತ ನಾವೆಲ್ಲ ಕಲಿತವರು. ನಾನೂ ಹಾಗೇ ಕಲಿಸಿದವಳು. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೂರು ಆಸ್ಪತ್ರೆಗಳಲ್ಲಿ 3283 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ದಿನ ಲೆಕ್ಕ ಹಾಕಿ ಬದಲಿಸಿದರು. ಇನ್ನೊಂದು ಗುಂಪಿಗೆ ತೊಂದರೆ ಕಂಡಾಗ ಮಾತ್ರ ಬದಲಿಸಿದರು. ಎರಡೂ ಗುಂಪಿನಲ್ಲಿ ಫ್ಲೆಬೈಟಿಸ್ ಆದವರು ಶೇಕಡ 7ರಷ್ಟೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2011ರಲ್ಲಿ ಕೊಟ್ಟ ಮಾರ್ಗಸೂಚಿಯೂ ದೊಡ್ಡವರಿಗೆ 72ರಿಂದ 96 ಗಂಟೆಗಿಂತ ಬೇಗಬೇಗ ಬದಲಿಸುವ ಅಗತ್ಯ ಇಲ್ಲ ಎನ್ನುತ್ತದೆ.

ಅಂದರೆ "ಮೂರು ದಿನಕ್ಕೊಮ್ಮೆ ಕಡ್ಡಾಯ ಬದಲಾವಣೆ" ಅಂತ ನಿಮ್ಮ ಪ್ರಾಜೆಕ್ಟ್ ಹಾಕಿದ್ದರೆ ರೋಗಿಗೆ ಸುಮ್ನೆ ಇನ್ನೊಂದು ಚುಚ್ಚು, ಸ್ಟೋರಿಗೆ ಇನ್ನೊಂದು ಇಂಡೆಂಟ್ (ಬೇಡಿಕೆ ಚೀಟಿ). ಸರಿಯಾದ ಕೆಲಸ ಬೇರೆ ಇದೆ: ಪ್ರತಿ ಶಿಫ್ಟಿನಲ್ಲಿ ಆ ಜಾಗವನ್ನು ನೋಡುವುದು, ಬೇಡವಾದ ಕ್ಯಾನುಲಾವನ್ನು ಆವತ್ತೇ ತೆಗೆಯುವುದು. ಹಾಗಂತ ಆಸ್ಪತ್ರೆಯಲ್ಲಿ ಬದಲಿಸುವ ಬಗ್ಗೆ ಲಿಖಿತ ನಿಯಮ ಇದ್ದರೆ ಅದನ್ನು ನೀವಾಗಿ ಮುರಿಯಬೇಡಿ. ಸೋಂಕು ನಿಯಂತ್ರಣ ಸಮಿತಿಯ ಮುಂದೆ ಪುರಾವೆ ಇಡಿ, ತೀರ್ಮಾನ ಅವರದು.

ನಾಲ್ಕನೇ ಹೆಜ್ಜೆ: ಏನನ್ನು ಎಣಿಸುತ್ತೀರಿ?

ಹೆಚ್ಚು ಜನ ಎಡವುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಕಾಲೇಜುಗಳಲ್ಲಿ ಒಂದು ಹಳೇ ಅಭ್ಯಾಸ ಇದೆ. ಸಿಸ್ಟರ್‌ಗಳಿಗೆ ಮೂವತ್ತು ಪ್ರಶ್ನೆಯ ಪತ್ರಿಕೆ ಕೊಡುವುದು, ಒಂದು ಗಂಟೆ ಪಾಠ ಮಾಡುವುದು, ಏಳು ದಿನ ಬಿಟ್ಟು ಅದೇ ಪತ್ರಿಕೆ ಮತ್ತೆ ಕೊಡುವುದು. ಅಂಕ ಜಾಸ್ತಿ ಬಂತು, ಪ್ರಾಜೆಕ್ಟ್ ಯಶಸ್ವಿ. ಆದರೆ ರೋಗಿಯ ಕೈ ಊದುವುದು ಕಮ್ಮಿ ಆಯಿತಾ? ಆ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. ಡಿಎನ್‌ಪಿ ಮಟ್ಟದಲ್ಲಿ ಇದು ನಡೆಯುವುದಿಲ್ಲ, ಎಎಸಿಎನ್ ಕೂಡ ಆರೋಗ್ಯದ ಫಲಿತಾಂಶ ಬದಲಾಗಬೇಕು ಅಂತಲೇ ಕೇಳುತ್ತದೆ.

ಮೂರು ಥರದ ಎಣಿಕೆ ಇಟ್ಟುಕೊಳ್ಳಿ. ಮೊದಲನೆಯದು ಫಲಿತಾಂಶ. ವಿಐಪಿ ಸ್ಕೋರ್ ಅಂತ, ಕ್ಯಾನುಲಾ ಹಾಕಿದ ಜಾಗವನ್ನು ಕಣ್ಣಲ್ಲಿ ನೋಡಿ ಕೊಡುವ, ಸೊನ್ನೆಯಿಂದ ಐದರವರೆಗಿನ ಒಂದು ಅಳತೆ ಇದೆ. ಸೊನ್ನೆ ಅಂದರೆ ಜಾಗ ಚೆನ್ನಾಗಿದೆ. ಎರಡಕ್ಕೆ ಬಂದರೆ ಫ್ಲೆಬೈಟಿಸ್ ಶುರುವಾಗಿದೆ, ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ಎರಡು ಅಥವಾ ಅದಕ್ಕಿಂತ ಹೆಚ್ಚು ಸ್ಕೋರ್ ಇರುವ ಕ್ಯಾನುಲಾ ನೂರಕ್ಕೆ ಎಷ್ಟು? ಇದು ನಿಮ್ಮ ಮುಖ್ಯ ಸಂಖ್ಯೆ. ಎರಡನೆಯದು ಕೆಲಸ ನಡೆಯಿತಾ ಅನ್ನುವ ಎಣಿಕೆ. ಪ್ಲಾಸ್ಟರಿನ ಮೇಲೆ ಹಾಕಿದ ದಿನ, ಹೊತ್ತು ಬರೆದಿದೆಯಾ? ಈ ಶಿಫ್ಟಿನಲ್ಲಿ ಯಾರಾದರೂ ನೋಡಿ ಗುರುತು ಹಾಕಿದ್ದಾರಾ? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ನಿಮ್ಮಿಂದ ಇನ್ನೊಂದು ಕಡೆ ಏನಾದರೂ ಕೆಡುತ್ತಿದೆಯಾ? ಮತ್ತೆಮತ್ತೆ ಚುಚ್ಚಿಸಿಕೊಳ್ಳುವವರು ಜಾಸ್ತಿಯಾದರಾ, ಕ್ಯಾನುಲಾ ಖರ್ಚು ಏರಿತಾ?

ಎರಡನೆಯದೂ ಮೊದಲನೆಯದೂ ಯಾಕೆ ಬೇರೆಬೇರೆ ಇರಬೇಕು ಅನ್ನುವುದಕ್ಕೆ ಒಂದು ದೊಡ್ಡ ಕಥೆ ಇದೆ, ಅದೂ ನಮ್ಮ ರಾಜ್ಯದಿಂದಲೇ ಶುರುವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಆರಂಭದಲ್ಲಿ ಕರ್ನಾಟಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಹೆರಿಗೆ ಹೊತ್ತಿನಲ್ಲಿ ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು, ಚೆಕ್‌ಲಿಸ್ಟ್ ಬಂದ ಮೇಲೆ 25ಕ್ಕೆ ಏರಿತು. ಎಲ್ಲರಿಗೂ ಖುಷಿ. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಮಾಡಿದರು, ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತರಬೇತುದಾರರು ಜೊತೆಗಿದ್ದಾಗ, ಎರಡನೇ ತಿಂಗಳಲ್ಲಿ, ಶೇಕಡ 72.8ರಷ್ಟು ಕೆಲಸಗಳು ಸರಿಯಾಗಿ ನಡೆಯುತ್ತಿದ್ದವು. ಚೆಕ್‌ಲಿಸ್ಟ್ ಇಲ್ಲದ ಕಡೆ ಶೇಕಡ 41.7. ತರಬೇತುದಾರರು ಹೊರಟ ಮೇಲೆ, ಹನ್ನೆರಡನೇ ತಿಂಗಳ ಹೊತ್ತಿಗೆ, ಅದು 61.7ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವು ಮತ್ತು ತಾಯಿಯ ತೀವ್ರ ತೊಂದರೆಗಳನ್ನು ಒಟ್ಟು ಹಾಕಿ ನೋಡಿದಾಗ ಎರಡೂ ಕಡೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ.

ಅಷ್ಟು ದುಡ್ಡು, ಅಷ್ಟು ಜನ ಇದ್ದ ಕಡೆಯೇ ಹೀಗಾಯಿತು. ಗುರುತು ಹಾಕಿದ್ದು ಜಾಸ್ತಿಯಾದರೆ ರೋಗಿಗೆ ಒಳ್ಳೆಯದಾಯಿತು ಅಂತ ಅರ್ಥ ಅಲ್ಲ. ಮತ್ತೆ, ಮೇಲೆ ನಿಂತು ನೋಡುವವರು ಹೋದ ಕೂಡಲೇ ಕೆಲಸ ಜಾರತೊಡಗುತ್ತದೆ. ಇದನ್ನು ನಿಮ್ಮ ಗೈಡ್‌ಗೂ ಹೇಳಿ.

ಈಗ ಎಷ್ಟಿದೆ ಅಂತ ಮೊದಲು ಎಣಿಸಿ. ಹತ್ತು ದಿನ, ದಿನಾ ಒಂದೇ ಹೊತ್ತಿಗೆ, ವಾರ್ಡಿನ ಎಲ್ಲ ಕ್ಯಾನುಲಾ. ಒಂದು ದಿನ 20 ಕ್ಯಾನುಲಾ ಇದ್ದು ಅದರಲ್ಲಿ 6 ಕೆಂಪಾಗಿದ್ದರೆ ಶೇಕಡ 30. ಇನ್ನೊಂದು ಕೆಂಪಾದರೆ ಶೇಕಡ 35. ನೋಡಿ, ಒಂದೇ ಒಂದು ಕೈಗೆ ಐದು ಅಂಕ ಏರಿತು. ಸಣ್ಣ ವಾರ್ಡಿನಲ್ಲಿ ಒಂದೆರಡು ದಿನದ ಲೆಕ್ಕ ನಂಬಬಾರದು ಅನ್ನುವುದು ಇದಕ್ಕೇ. ದಿನದ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಸಾಲಾಗಿ ಇಟ್ಟು, ಮಧ್ಯದ ಬೆಲೆಗೆ ಒಂದು ಗೆರೆ ಎಳೆಯಿರಿ. ಬದಲಾವಣೆ ಮಾಡಿದ ಮೇಲೆ ಸತತವಾಗಿ ಆರು ಚುಕ್ಕಿ ಆ ಗೆರೆಯ ಕೆಳಗೇ ಬಿದ್ದರೆ ಏನೋ ನಿಜವಾಗಿ ಬದಲಾಗಿದೆ ಅಂತ ಹೇಳಬಹುದು. ಇದಕ್ಕೆ ರನ್ ಚಾರ್ಟ್ ಅನ್ನುತ್ತಾರೆ. ದೊಡ್ಡ ಸಾಫ್ಟ್‌ವೇರ್ ಬೇಡ, ವಾರ್ಡಿನ ಗೋಡೆಗೆ ಅಂಟಿಸಿದ ಒಂದು ಹಾಳೆ ಸಾಕು.

ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಪುರುಷರ ಮೆಡಿಕಲ್ ವಾರ್ಡಿನಲ್ಲಿ, ಮಾರ್ಚ್ ಕೊನೆಯೊಳಗೆ, ವಿಐಪಿ ಸ್ಕೋರ್ 2 ದಾಟಿದ ಅಥವಾ 2 ಇರುವ ಕ್ಯಾನುಲಾಗಳನ್ನು ಈಗಿನ ಅರ್ಧಕ್ಕೆ ಇಳಿಸುವುದು." ಎಲ್ಲಿ, ಯಾವಾಗ, ಏನು, ಎಷ್ಟು. ಇಷ್ಟು ಇಲ್ಲದ ಗುರಿಯನ್ನು ಜಿಲ್ಲಾ ಶಸ್ತ್ರಚಿಕಿತ್ಸಕರ ಟೇಬಲ್ ಮೇಲೆ ಇಡಬೇಡಿ.

ಐದನೇ ಹೆಜ್ಜೆ: ಕಾಗದ ಪತ್ರ

ಅರ್ಜಿ ಒಂದೇ ಪುಟ ಇರಲಿ, ಕನ್ನಡದಲ್ಲೇ ಇರಲಿ. ಏನು ಮಾಡುತ್ತೀರಿ, ಯಾವ ವಾರ್ಡ್, ಎಷ್ಟು ತಿಂಗಳು, ಸಿಬ್ಬಂದಿಯಿಂದ ದಿನಕ್ಕೆ ಎಷ್ಟು ನಿಮಿಷ ಬೇಕು, ಯಾವ ದಾಖಲೆ ನೋಡುತ್ತೀರಿ, ಆಸ್ಪತ್ರೆಗೆ ಏನು ಖರ್ಚು, ಕೊನೆಗೆ ಆಸ್ಪತ್ರೆಗೆ ಏನು ಕೊಟ್ಟು ಹೋಗುತ್ತೀರಿ. ಆಸ್ಪತ್ರೆಯ ಹೆಸರನ್ನು ವರದಿಯಲ್ಲಿ ಹಾಕಬಹುದೇ ಬೇಡವೇ ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಿ. ಕೊನೆಯಲ್ಲಿ ಕೇಳಿದರೆ ಜಗಳಕ್ಕೆ ದಾರಿ. ಅರ್ಜಿ ಕೊಟ್ಟಾಗ ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹಿಂದೊಮ್ಮೆ ನನ್ನದೇ ಒಂದು ಅರ್ಜಿ ಒಂದು ಕಚೇರಿಯಲ್ಲಿ ಎರಡು ತಿಂಗಳು ಕಾಣೆಯಾಗಿತ್ತು. ನಂಬರ್ ಇರಲಿಲ್ಲ, ಕೇಳುವುದಕ್ಕೂ ಬಾಯಿ ಇರಲಿಲ್ಲ. ಹೊಸದಾಗಿ ಬರೆದು ಕೊಟ್ಟೆ.

ಅಧಿಕಾರಿಗೆ ವರ್ಗಾವಣೆ ಆದರೆ? ಆಗುತ್ತದೆ. ಒಪ್ಪಿಗೆ ಬಾಯಿಮಾತಿನಲ್ಲಿ ಇದ್ದರೆ ಹೊಸಬರ ಮುಂದೆ ಮೊದಲಿಂದ ಶುರು. ಆದ್ದರಿಂದ ಪತ್ರ ಹುದ್ದೆಯ ಹೆಸರಿಗೇ ಇರಲಿ, ವ್ಯಕ್ತಿಯ ಹೆಸರಿಗೆ ಬೇಡ.

ಎಥಿಕ್ಸ್ ಕಮಿಟಿಯ ವಿಷಯದಲ್ಲಿ ದೊಡ್ಡ ಗೊಂದಲ ಇದೆ. "ಇದು ರಿಸರ್ಚ್ ಅಲ್ಲ ಮೇಡಂ, ಗುಣಮಟ್ಟ ಸುಧಾರಣೆ, ಕಮಿಟಿ ಯಾಕೆ?" ಅಂತ ಕೇಳುತ್ತಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಮೂರು ಥರದ ಪರಿಶೀಲನೆ ಇದೆ: ವಿನಾಯಿತಿ, ತ್ವರಿತ, ಪೂರ್ಣ ಸಭೆ. ಸಂಸ್ಥೆಯ ಒಳಗಿನ ಗುಣಮಟ್ಟದ ಆಡಿಟ್‌ಗೆ ವಿನಾಯಿತಿ ಸಿಗಬಹುದು. ಆದರೆ ವಿನಾಯಿತಿ ಕೊಡುವವರು ಕಮಿಟಿಯವರು, ನೀವಲ್ಲ. ನೀವೇ "ನನಗೆ ವಿನಾಯಿತಿ" ಅಂದುಕೊಂಡು ಎಣಿಸಲು ಶುರು ಮಾಡಿದರೆ ಆಮೇಲೆ ಆ ಅಂಕಿಗಳನ್ನು ಎಲ್ಲೂ ಪ್ರಕಟಿಸಲು ಆಗುವುದಿಲ್ಲ. ಹತ್ತು ದಿನದ ಮೊದಲ ಎಣಿಕೆಗೂ ಇದೇ ಮಾತು. ನೀವು ಆರಿಸಿದ ಆಸ್ಪತ್ರೆಯಲ್ಲಿ ಕಮಿಟಿ ಇಲ್ಲದಿದ್ದರೆ ಒಪ್ಪಂದ ಮಾಡಿಕೊಂಡು ಇನ್ನೊಂದು ಸಂಸ್ಥೆಯ ಕಮಿಟಿಯ ಮುಂದೆ ಹೋಗಬಹುದು. ಸಭೆ ಯಾವಾಗ ಅಂತ ಮೊದಲೇ ವಿಚಾರಿಸಿ, ನಿಮ್ಮ ಕ್ಯಾಲೆಂಡರ್ ಅದರ ಸುತ್ತ ಕಟ್ಟಬೇಕು.

ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಅಲ್ಲಿನ ಐಆರ್‌ಬಿ (ಅವರ ಎಥಿಕ್ಸ್ ಕಮಿಟಿ) ಒಪ್ಪಿಗೆಯೂ ಬೇಕು, ಇಲ್ಲಿನದೂ ಬೇಕು. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗೆ ಐಸಿಎಂಆರ್ ಮೂಲಕ ನಡೆಯುವ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಅಂತ ಇನ್ನೊಂದು ಹಂತ ಇದೆ. ನಿಮ್ಮ ಪ್ರಾಜೆಕ್ಟ್ ಅದರೊಳಗೆ ಬರುತ್ತದೆಯಾ ಅಂತ ಇಲ್ಲಿನ ಎಥಿಕ್ಸ್ ಕಮಿಟಿಗೆ ಬರೆದು ಕೇಳಿ, ಬರಹದಲ್ಲೇ ಉತ್ತರ ತಗೊಳ್ಳಿ. ರೋಗಿಯ ಹೆಸರು, ಫೋನ್ ನಂಬರ್, ಕೇಸ್ ಶೀಟಿನ ಫೋಟೊ, ಯಾವುದೂ ನಿಮ್ಮ ಮೊಬೈಲಿಗೆ ಬರಬಾರದು. ಹಾಸಿಗೆ ನಂಬರೂ ಬೇಡ. ಒಂದು, ಎರಡು, ಮೂರು ಅಂತ ಕ್ರಮಸಂಖ್ಯೆ ಸಾಕು. ವಾಟ್ಸಾಪ್ ಗ್ರೂಪಿಗೆ ಊದಿದ ಕೈಯ ಫೋಟೊ ಹಾಕುವ ಚಟ ಈಗ ಎಲ್ಲ ಕಡೆ ಇದೆ, ಮೊದಲ ದಿನವೇ ಬೇಡ ಅನ್ನಿ.

ಆರನೇ ಹೆಜ್ಜೆ: ಆ ಹೆಸರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೀವು ಹೋದ ಮೇಲೆ ಯಾರು? ನನ್ನ ಅನುಭವದಲ್ಲಿ ಅದು ಸಾಮಾನ್ಯವಾಗಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಆಗಿರುವುದಿಲ್ಲ. ಅವರಿಗೆ ಇಂಡೆಂಟ್, ಡ್ಯೂಟಿ ಪಟ್ಟಿ, ರೌಂಡ್ಸ್ ಅಂತ ಕೈ ತುಂಬ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ಏನೂ ನಡೆಯುವುದಿಲ್ಲ, ನಿಜ. ಆದರೆ ದಿನಾ ನೋಡಿಕೊಳ್ಳುವವರು ಆರೇಳು ವರ್ಷ ಅನುಭವದ, ಉಳಿದವರು ಅನುಮಾನ ಬಂದಾಗ ಕೇಳುವ ಒಬ್ಬ ಸಿಸ್ಟರ್ ಅಥವಾ ಬ್ರದರ್. ಮೂರು ದಿನ ಕೂತಾಗ ನಿಮಗೇ ಕಾಣುತ್ತದೆ. ಸಿಗದ ವೇನ್ ಇದ್ದಾಗ ಎಲ್ಲರೂ ಯಾರನ್ನು ಕರೆಯುತ್ತಾರೆ? ಅವರೇ. ಪ್ರಾಜೆಕ್ಟ್ ವರದಿಯಲ್ಲಿ ಅವರ ಹೆಸರು ಇರಲಿ, ಕಾನ್ಫರೆನ್ಸಿಗೆ ಹೋದರೆ ಪೋಸ್ಟರಿನ ಮೇಲೂ ಇರಲಿ.

ಗಂಟೆಗಳಿಗೆ ಸಹಿ ಹಾಕುವವರು ಬೇರೆ. ಎಎಸಿಎನ್‌ನ 2006ರ ದಾಖಲೆ ಡಿಎನ್‌ಪಿ ಮುಗಿಸಲು ಬಿ.ಎಸ್ಸಿ. ಪದವಿಯ ನಂತರ ಕನಿಷ್ಠ 1000 ಗಂಟೆ ಪ್ರಾಕ್ಟೀಸ್ ಕೇಳಿತ್ತು; 2021ರಲ್ಲಿ ಅದರ ಜಾಗಕ್ಕೆ ಹೊಸ ದಾಖಲೆ ಬಂದಿದೆ. ಈಗ ನಿಮಗೆ ಒಟ್ಟು ಎಷ್ಟು ಗಂಟೆ ಬೇಕು, ಅದರಲ್ಲಿ ಪ್ರಾಜೆಕ್ಟ್‌ಗೆ ಎಷ್ಟು, ಆಸ್ಪತ್ರೆಯ ಕಡೆಯಿಂದ ಸಹಿ ಹಾಕುವವರಿಗೆ ಯಾವ ಅರ್ಹತೆ ಇರಬೇಕು ಅಂತ ನಿಮ್ಮ ಕಾಲೇಜಿನಿಂದ ಮುಂಚೆಯೇ ಬರೆಸಿ ತನ್ನಿ.

ಏಳನೇ ಹೆಜ್ಜೆ: ಒಬ್ಬ ಸಿಸ್ಟರ್, ಒಂದು ಶಿಫ್ಟ್

ಇಡೀ ವಾರ್ಡಿಗೆ ಒಂದೇ ದಿನ ಶುರು ಮಾಡಬೇಡಿ. ಸೋಮವಾರ ಬೆಳಿಗ್ಗೆ ಶಿಫ್ಟಿನಲ್ಲಿ ಒಬ್ಬ ಸಿಸ್ಟರ್, ಐದು ರೋಗಿ. ಆವತ್ತೇ ಸಂಜೆ ಕೇಳಿ, ಎಲ್ಲಿ ತೊಡಕಾಯಿತು? ಮಂಗಳವಾರ ತಿದ್ದಿ ಮತ್ತೆ. ಯೋಜಿಸು, ಮಾಡು, ನೋಡು, ತಿದ್ದು ಅನ್ನುವ ಈ ಸುತ್ತಿಗೆ ಪಿಡಿಎಸ್‌ಎ ಎನ್ನುತ್ತಾರೆ. ನಮ್ಮ ಅಜ್ಜಿಯಂದಿರು ಹೊಸ ಅಕ್ಕಿಯಲ್ಲಿ ಮೊದಲ ದೋಸೆ ಹುಯ್ದು ನೋಡಿ ಹಿಟ್ಟಿಗೆ ನೀರು ಬೆರೆಸುತ್ತಿದ್ದರಲ್ಲ, ಹಾಗೆ.

ಇಲ್ಲಿ ನನ್ನದೊಂದು ಹಟ ಇದೆ. ಹೊಸ ರಿಜಿಸ್ಟರ್ ಬೇಡವೇ ಬೇಡ. ವಾರ್ಡಿನ ಮೇಜಿನ ಮೇಲೆ ಈಗಾಗಲೇ ಎಷ್ಟು ರಿಜಿಸ್ಟರ್ ಇವೆ ಎಣಿಸಿ ನೋಡಿ. ಒಂದು ಆಸ್ಪತ್ರೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬರು ಚಂದದ ಬಣ್ಣದ ಫಾರ್ಮ್ ಮಾಡಿಸಿದ್ದರು. ಒಂದು ತಿಂಗಳು ತಪ್ಪದೆ ತುಂಬಿದರು. ಆಮೇಲೆ ಹೋಗಿ ನೋಡಿದರೆ ಇಡೀ ವಾರದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ! ಸಿಸ್ಟರ್‌ಗಳನ್ನು ಬಯ್ಯಬೇಡಿ, ತಪ್ಪು ಫಾರ್ಮಿನದು. ಟೆಂಪರೇಚರ್, ಬಿಪಿ ಬರೆಯುವ ಚಾರ್ಟಿನಲ್ಲಿ ಒಂದು ಖಾಲಿ ಕಾಲಂ ಇದ್ದೇ ಇರುತ್ತದೆ. ಅದರ ತಲೆಗೆ "ಐವಿ" ಅಂತ ಬರೆದು ಸೊನ್ನೆಯಿಂದ ಐದರವರೆಗೆ ಒಂದು ಅಂಕಿ ಹಾಕಿಸಿ. ಬಿಪಿ ನೋಡಲು ಕೈ ಹಿಡಿದೇ ಇರುತ್ತಾರೆ, ಕಣ್ಣು ಹಾಯಿಸಿದರೆ ಆಯಿತು. ಮುಂದಿನ ಸಲ ಚಾರ್ಟ್ ಪ್ರಿಂಟ್ ಆಗುವಾಗ ಆ ಕಾಲಂ ಅಚ್ಚಿನಲ್ಲೇ ಬರುವ ಹಾಗೆ ಸೂಪರಿಂಟೆಂಡೆಂಟ್ ಅವರನ್ನು ಕೇಳಿ. ಅದು ಅಚ್ಚಾದ ದಿನ ನಿಮ್ಮ ಪ್ರಾಜೆಕ್ಟ್ ನಿಂತಿತು ಅಂತ ತಿಳಿಯಿರಿ.

ತರಬೇತಿ ಯಾವಾಗ? "ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ" ಅನ್ನಬೇಡಿ. ನಮ್ಮ ಮೂರೂ ಊರುಗಳು ಬೆಂಗಳೂರಿಗೆ ಅರವತ್ತು ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ತುಮಕೂರಿಗೂ ಬಂಗಾರಪೇಟೆ ಕಡೆಗೂ ದಿನಾ ರೈಲಿನಲ್ಲಿ ಓಡಾಡುವ ಸಿಬ್ಬಂದಿ ಇದ್ದಾರೆ. ಶಿಫ್ಟ್ ಮುಗಿದ ಹತ್ತೇ ನಿಮಿಷಕ್ಕೆ ಅವರ ಕಣ್ಣು ಗಡಿಯಾರದ ಮೇಲೆ. ಹ್ಯಾಂಡ್‌ಓವರ್ ಸಮಯದಲ್ಲೇ ಹಾಸಿಗೆಯ ಪಕ್ಕ ಐದು ನಿಮಿಷ, ನಾಲ್ಕು ದಿನ. ಅಷ್ಟೇ.

ನಮ್ಮ ಸೀಮೆಯ ಎರಡು ವಿಷಯ

ಒಂದು, ಭಾಷೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆಯವರಲ್ಲಿ ಎಷ್ಟೋ ಜನರ ಮನೆ ಮಾತು ತೆಲುಗು. ರೋಗಿಯೇ ಹೇಳಬೇಕು "ಕೈ ನೋಯ್ತಿದೆ" ಅಂತ. ನಿಮ್ಮ ಗೋಡೆ ಚಿತ್ರದಲ್ಲಿ ಕನ್ನಡ ಮಾತ್ರ ಇದ್ದರೆ ಅರ್ಧ ಜನಕ್ಕೆ ತಲುಪುವುದಿಲ್ಲ. "ಚೆಯ್ಯಿ ವಾಚಿಂದಿ" (ಕೈ ಊದಿದೆ) ಅಂದಾಗ ಸಿಸ್ಟರಿಗೆ ಅರ್ಥವಾಗುತ್ತದೆ, ಹೊರಗಿಂದ ಬಂದ ನಿಮಗೂ ಆಗಬೇಕು. ಒಪ್ಪಿಗೆ ಪತ್ರ ಬೇಕಾದರೆ ಎರಡೂ ಭಾಷೆಯಲ್ಲಿ ಮಾಡಿಸಿ, ಓದು ಬಾರದವರಿಗೆ ಓದಿ ಹೇಳಿ, ಸಾಕ್ಷಿ ಸಹಿ ತಗೊಳ್ಳಿ.

ಇನ್ನೊಂದು, ಕಾಲ. ಮಳೆಗಾಲದಲ್ಲಿ ಡೆಂಗ್ಯೂ ಜ್ವರದವರಿಂದ ಮೆಡಿಕಲ್ ವಾರ್ಡ್ ತುಂಬುತ್ತದೆ, ಡ್ರಿಪ್ ಇಲ್ಲದ ಕೈ ಇರುವುದಿಲ್ಲ. ಮೊದಲ ಎಣಿಕೆ ಆಗಸ್ಟಿನಲ್ಲಿ, ಕೊನೆ ಎಣಿಕೆ ಫೆಬ್ರವರಿಯಲ್ಲಿ ಮಾಡಿದರೆ ಇಳಿದದ್ದು ನಿಮ್ಮಿಂದಲೋ ಸೊಳ್ಳೆ ಕಮ್ಮಿಯಾದದ್ದರಿಂದಲೋ ಯಾರಿಗೆ ಗೊತ್ತು? ರೋಗಿಗಳು ಮತ್ತೆ ಬರಬೇಕಾದ ಪ್ರಾಜೆಕ್ಟ್ ಆದರೆ ಇನ್ನೂ ಕಷ್ಟ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲಿಗೆ ಯಾರೂ ಫಾಲೋಅಪ್‌ಗೆ ಬರುವುದಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಮನೆಯ ಹೆಂಗಸರು ಹಗಲು ರಾತ್ರಿ ಸೊಪ್ಪು ಹಾಕುತ್ತಿರುತ್ತಾರೆ; ಹುಳ ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡುವವರೆಗೆ ಅವರ ಸಕ್ಕರೆ ಕಾಯಿಲೆಯ ಕಾಲು ತೋರಿಸಲು ಬನ್ನಿ ಅಂದರೆ ಬರುತ್ತಾರಾ? ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿ.

ಸಮಯ ಮತ್ತು ದುಡ್ಡು

ಒಟ್ಟು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯಿರಿ. ಅದರಲ್ಲಿ ಮೂರು ನಾಲ್ಕು ತಿಂಗಳು ಕಾಗದ ಪತ್ರಕ್ಕೇ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ವಾರ್ಡಿನ ಕೆಲಸ ಮೂರು ತಿಂಗಳು, ಬರೆಯುವುದು ಎರಡು. ಹಬ್ಬದ ಸಾಲಿನಲ್ಲಿ, ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೆ, ರಜೆಗಳು ಜಾಸ್ತಿ, ಹೊಸದನ್ನು ಶುರು ಮಾಡಲು ಅದು ಕಾಲವಲ್ಲ. ಖರ್ಚು ಜೆರಾಕ್ಸ್, ಮಾರ್ಕರ್ ಪೆನ್, ಓಡಾಟ. ಆಸ್ಪತ್ರೆಯಿಂದ ಏನಾದರೂ ಕೊಳ್ಳಬೇಕಾದರೆ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಹೋಗುತ್ತದೆ, ಅದಕ್ಕೆ ಸಮಯ ಬೇಕು. ಕೊಳ್ಳುವ ವಸ್ತುವೇ ಇಲ್ಲದ ಪ್ರಾಜೆಕ್ಟ್ ಆರಿಸುವುದು ಜಾಣತನ.

ಕೊನೆಯ ಹೆಜ್ಜೆ

ಫಲಿತಾಂಶವನ್ನು ಮೊದಲು ಹೇಳಬೇಕಾದದ್ದು ವಾರ್ಡಿನವರಿಗೆ, ಆಮೇಲೆ ಸೂಪರಿಂಟೆಂಡೆಂಟ್ ಮತ್ತು ಆಸ್ಪತ್ರೆ ಮುಖ್ಯಸ್ಥರಿಗೆ, ಕೊನೆಗೆ ಕಾಲೇಜಿಗೆ. ಇಳಿಯದಿದ್ದರೂ ಹೇಳಿ. ಯಾಕೆ ಇಳಿಯಲಿಲ್ಲ ಅಂತ ಅವರಿಗೇ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ವರದಿ ಬರೆಯುವಾಗ ಸ್ಕ್ವೈರ್ 2.0 ಅನ್ನುವ ಮಾದರಿ ನೋಡಿಕೊಳ್ಳಿ, ಸುಧಾರಣಾ ಕೆಲಸಗಳ ವರದಿಗೆಂದೇ ಮಾಡಿದ್ದು ಅದು. ಆಸ್ಪತ್ರೆಗೆ ಇಡೀ ವರದಿ ಬೇಡ, ಕನ್ನಡದಲ್ಲಿ ಎರಡು ಪುಟ ಕೊಡಿ.

ಮೂರು ತಿಂಗಳು ಬಿಟ್ಟು ಹೇಳದೆ ಕೇಳದೆ ಒಂದು ಸಂಜೆ ಆ ವಾರ್ಡಿಗೆ ಹೋಗಿ. ಜೊತೆಗೆ ಸ್ವಲ್ಪ ಖಾರ, ಬಿಸ್ಕತ್ತು ತಗೊಂಡು ಹೋಗಿ, ಟೀ ಅವರೇ ಕೊಡುತ್ತಾರೆ. ಕೂತು ಮಾತಾಡುತ್ತಾ ಹತ್ತು ಹಾಸಿಗೆಯ ಚಾರ್ಟ್ ನೋಡಿ. ಐವಿ ಕಾಲಂನಲ್ಲಿ ಬೇರೆಬೇರೆ ಕೈಬರಹ, ಬೇರೆಬೇರೆ ಪೆನ್ನು ಇವೆಯಾ?